ರಕ್ತದ ರಿಪೋರ್ಟ್ ನಾರ್ಮಲ್, ಹೊಟ್ಟೆಯ ಗಡ್ಡೆ ಮಾತ್ರ ಬೆಳೆಯುತ್ತಿದೆ

ಆಳಂದದ ಅಕ್ಕ:
ನನ್ನ ತಮ್ಮನಿಗೆ 24 ವರ್ಷ. ವೃಷಣದ ಗಡ್ಡೆಯನ್ನು ಕಲಬುರಗಿಯಲ್ಲಿ ಆಪರೇಷನ್ ಮಾಡಿ ತೆಗೆದರು. ಜರ್ಮ್ ಸೆಲ್ (ವೀರ್ಯಾಣು ಹುಟ್ಟಿಸುವ ಕಣಗಳ) ಕ್ಯಾನ್ಸರ್, ಅದರಲ್ಲಿ ನಾನ್-ಸೆಮಿನೋಮಾ ಅನ್ನುವ ಬಗೆ ಅಂತ ಬಂತು. ಹೊಟ್ಟೆಯ ಹಿಂಭಾಗದ ದುಗ್ಧರಸ ಗಂಟುಗಳಿಗೂ ಹರಡಿತ್ತು. ಬಿಇಪಿ ಅನ್ನುವ ಮೂರು ಔಷಧಿಗಳ ಕೀಮೋ ಮೂರು ಸೈಕಲ್ ಮುಗಿದಿವೆ. ರಕ್ತದಲ್ಲಿ ಈ ಕ್ಯಾನ್ಸರ್ ಸುಳಿವು ಕೊಡುವ ಎಎಫ್‌ಪಿ, ಬೀಟಾ ಎಚ್‌ಸಿಜಿ ಎರಡೂ ನಾರ್ಮಲ್‌ಗೆ ಇಳಿದವು. ಅವತ್ತೇ ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದೆವು. ಮೊನ್ನೆ ಸಿಟಿ ಸ್ಕ್ಯಾನ್ ನೋಡಿದರೆ 4 ಸೆಂ.ಮೀ. ಇದ್ದ ಗಡ್ಡೆ 7 ಆಗಿದೆ! ಇನ್ನೂ ಜೋರಾದ ಕೀಮೋ ಕೊಡಿಸಬೇಕಾ? ತಮ್ಮನಿಗೆ ನೋವಿಲ್ಲ. ತೊಗರಿ ರಾಶಿ ಮುಗಿಯಲಿ, ಆಮೇಲೆ ನೋಡೋಣ ಅನ್ನುತ್ತಾನೆ. ನನಗೆ ನಿದ್ದೆ ಬರುತ್ತಿಲ್ಲ.

ಸೇಡಂ ಹುಡುಗ:
ಅಕ್ಕಾ, ರಾಶಿಗೆ ಕಾಯಬೇಡಿ. ನನಗೂ ಹೀಗೇ ಆಗಿತ್ತು. 'ಗ್ರೋಯಿಂಗ್ ಟೆರಟೋಮಾ ಸಿಂಡ್ರೋಮ್' ಇರಬಹುದಾ ಅಂತ ಡಾಕ್ಟರನ್ನು ಕೇಳಿ. ಟೆರಟೋಮಾ ಅಂದರೆ ಚರ್ಮ, ಮೂಳೆಯಂಥ ಬಲಿತ ಅಂಗಾಂಶದ ಗಡ್ಡೆ, ಕೀಮೋ ಆದರೂ ಅದು ಬೆಳೆಯುತ್ತಲೇ ಇರುತ್ತದೆ. ಅಪರೂಪದ್ದು, ಆದರೆ ಹೊಸದಲ್ಲ, 1982ರಲ್ಲೇ ಇದಕ್ಕೆ ಹೆಸರಿಟ್ಟಿದ್ದಾರೆ. ಕೀಮೋ ಕ್ಯಾನ್ಸರ್ ಕಣಗಳನ್ನು ಕೊಂದಿರುತ್ತದೆ, ಅದಕ್ಕೇ ರಕ್ತ ನಾರ್ಮಲ್. ಉಳಿದ ಟೆರಟೋಮಾಗೆ ಕೀಮೋನೂ ತಾಗಲ್ಲ, ರೇಡಿಯೇಷನ್ನೂ ತಾಗಲ್ಲ. ಪೂರ್ತಿ ಕತ್ತರಿಸಿ ತೆಗೆಯುವುದೇ ದಾರಿ.

ನನಗೆ ಒಂದು ಕಡೆ ಸುಮ್ನೆ ಎರಡನೇ ಸಲ ಕೀಮೋ ಶುರು ಮಾಡಿದರು. ಎರಡು ತಿಂಗಳು ಹಾಗೇ ಹೋಯಿತು. ಅಷ್ಟರಲ್ಲಿ ಗಡ್ಡೆ ಮೂತ್ರನಾಳ ಒತ್ತಿ ಕಿಡ್ನಿ ಊದಿತು, ಮೂತ್ರ ಇಳಿಯಲು ಸ್ಟೆಂಟ್ (ಸಣ್ಣ ಕೊಳವೆ) ಹಾಕಿದರು. ನನಗೂ ಮೊದಲು ನೋವಿರಲಿಲ್ಲ. ತಮ್ಮನಿಗೆ ಇದನ್ನು ಹೇಳಿ.

ವಾರ್ಡ್ ಸಿಸ್ಟರ್, ಬೀದರ್:
ಮೇಲಿನ ಮಾತು ಸರಿ. ಆದರೆ ಟೆರಟೋಮಾ ಮಾತ್ರವೇ ಅಂತ ಖಚಿತವಾಗುವುದು ತೆಗೆದ ಗಡ್ಡೆಯನ್ನು ಪೂರ್ತಿ ಪರೀಕ್ಷಿಸಿದ ಮೇಲೆ. ಸೂಜಿ ಬಯಾಪ್ಸಿಯಲ್ಲಿ ಒಂದು ಮೂಲೆಯ ಚೂರು ಸಿಗುತ್ತದೆ, ಅಷ್ಟೇ. ಗಡ್ಡೆ ದೊಡ್ಡ ರಕ್ತನಾಳಗಳಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಇಂಥ ಆಪರೇಷನ್ ಜಾಸ್ತಿ ಮಾಡಿದ ಸರ್ಜನ್ ಬೇಕು. ಬಿಇಪಿ ಕೀಮೋದಲ್ಲಿರುವ ಬ್ಲಿಯೋಮೈಸಿನ್ ತಗೊಂಡಿದ್ದಾನೆ ಅಂತ ಅರಿವಳಿಕೆ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಆ ಔಷಧಿ ಶ್ವಾಸಕೋಶಕ್ಕೆ ತೊಂದರೆ ಮಾಡಬಲ್ಲದು, ಆಕ್ಸಿಜನ್, ಡ್ರಿಪ್ ಎಲ್ಲ ನೋಡಿ ಕೊಡಬೇಕಾಗುತ್ತದೆ.

ಇನ್ನೊಂದು. ಹುಡುಗನಿಗೆ ಮದುವೆ ಆಗಿಲ್ಲ ಅಲ್ವಾ? ವೀರ್ಯ ಹೊರಬರಲು ಬೇಕಾದ ನರಗಳಿಗೆ ಈ ಆಪರೇಷನ್‌ನಲ್ಲಿ ಪೆಟ್ಟಾಗಬಹುದು. ನರ ಉಳಿಸಲು ಆಗುತ್ತದಾ, ಮೊದಲೇ ವೀರ್ಯ ಶೇಖರಿಸಿ ಇಡಬಹುದಾ ಅಂತ ಕೇಳಿ. ಮನೆಯವರು ಸಂಕೋಚದಿಂದ ಕೇಳುವುದೇ ಇಲ್ಲ, ಆಮೇಲೆ ಅಳುತ್ತಾರೆ.

ಆಳಂದದ ಅಕ್ಕ:
ಎಲ್ಲ ಅವನಿಗೆ ಓದಿ ಹೇಳಿದೆ. ಕಿಡ್ನಿ ಅಂದಾಗ ಸುಮ್ಮನಾದ. ರಾಶಿ ನಾನು ಮಾಡಿಸ್ತೀನಿ ಅಂದೆ. ಸೋಮವಾರ ಎರಡೂ ಸಿಟಿ ಸಿಡಿ ಹಿಡಿದು ಹೈದರಾಬಾದ್‌ಗೆ ಹೊರಡುತ್ತೇವೆ. ಸೇಡಂ ತಮ್ಮಾ, ಆಪರೇಷನ್ ಆದ ಮೇಲೆ ನೀನು ಎಷ್ಟು ದಿನಕ್ಕೆ ಊಟ ಮಾಡಿದೆ?