ನಂದಿ ಏರುವಾಗ ಆರ್‌ಎಂಎಸ್‌ಎಸ್‌ಡಿ (ಬಡಿತಗಳ ನಡುವಿನ ಅಂತರದ ಏರಿಳಿತದ ಅಂಕಿ) 33 ತೋರಿಸ್ತಿದೆ, ನಂಬಬಹುದಾ?

ಚಿಕ್ಕಗೇರು
ಚಿಕ್ಕಬಳ್ಳಾಪುರದಿಂದ ಸೈಕಲ್‌ನಲ್ಲಿ ನಂದಿಬೆಟ್ಟ. ಪೋಲಾರ್ ಎಚ್10 ಎದೆಪಟ್ಟಿ, ಆರ್‌ಆರ್ ಅಂತರಗಳು (ಒಂದು ಬಡಿತದಿಂದ ಮುಂದಿನದಕ್ಕೆ ಹಿಡಿಯುವ ಸಮಯ) ಬ್ಲೂಟೂತ್‌ನಲ್ಲಿ ಫೋನಿಗೆ. ಬೆಳಗ್ಗೆ ಮಲಗಿದ್ದಾಗ ಆರ್‌ಎಂಎಸ್‌ಎಸ್‌ಡಿ 38 ಮಿಲಿಸೆಕೆಂಡ್. ಏರಿನಲ್ಲಿ ಬಡಿತ 150 ಇರುವಾಗ 4 ಇದ್ದದ್ದು ಇದ್ದಕ್ಕಿದ್ದಂತೆ 33ಕ್ಕೆ ಹಾರಿ, ಎರಡು ನಿಮಿಷ ಅಲ್ಲೇ ನಿಂತು, ಮತ್ತೆ 4. ಇಷ್ಟು ದಣಿವಲ್ಲೂ 33 ಅಂದ್ರೆ ಒಳ್ಳೇ ಲಕ್ಷಣವಾ, ಪಟ್ಟಿ ಕೆಟ್ಟಿದೆಯಾ?

ಲೆಕ್ಕದವ
ಒಂದೇ ಒಂದು ಬಡಿತ ಬಿಟ್ಟುಹೋಗಿದೆ ಸರ್. ಎರಡು ನಿಮಿಷ ನಿಂತದ್ದೇ ಸುಳಿವು: ಆ್ಯಪ್ ಹಿಂದಿನ 120 ಸೆಕೆಂಡನ್ನು ಲೆಕ್ಕ ಹಾಕುತ್ತೆ, ತಪ್ಪು ಬಡಿತ ಅದರಿಂದ ಆಚೆ ಹೋಗೋವರೆಗೂ ಅಂಕಿ ಇಳಿಯಲ್ಲ.

150 ಬಡಿತ ಅಂದ್ರೆ ಅಂತರ 400 ಮಿಲಿಸೆಕೆಂಡ್. ಒಂದು ತಪ್ಪಿದರೆ 400, 800, 400 ಅಂತ ಬರುತ್ತೆ. ವ್ಯತ್ಯಾಸ +400, −400. ವರ್ಗ ಮಾಡಿ ಕೂಡಿಸಿದರೆ 3,20,000. ಎರಡು ನಿಮಿಷದ ಸುಮಾರು 300 ಬಡಿತಕ್ಕೆ ಭಾಗಿಸಿ ವರ್ಗಮೂಲ ತೆಗೀರಿ, 33 ಸಿಗುತ್ತೆ. ನಿಜವಾದದ್ದು ಆ 4. ಶ್ರಮ ಏರಿದಂತೆ ಹೃದಯವನ್ನು ನಿಧಾನಿಸುವ ವೇಗಸ್ ನರದ ಹಿಡಿತ ಸಡಿಲಾಗಿ ಏರಿಳಿತ ಹಾಗೇ ಸವೆದುಹೋಗುತ್ತೆ. ಉಳಿದ ಚೂರಲ್ಲೂ ಏದುಸಿರಿನ ಎಳೆತದ ಪಾಲಿದೆ. ವ್ಯಾಯಾಮದ ನಡುವೆ ಈ ಅಂಕಿಯ ಹಿಂದೆ ಬೀಳೋದೇ ದಂಡ.

ಬೆವರುಪಟ್ಟಿ
ಪಟ್ಟಿ ಬಿಸಾಡಬೇಡಿ. ಬೆಳಗಿನ ಚಳಿಗಾಳೀಲಿ ಬೆವರು ಬರೋಕೆ ಮುಂಚೆ ಎಲೆಕ್ಟ್ರೋಡ್ ಒಣಗುತ್ತೆ, ಮೇಲಿನ ಸಿಂಥೆಟಿಕ್ ಜೆರ್ಸಿ ಪಟಪಟ ಬಡಿದು ಸ್ಥಿರವಿದ್ಯುತ್ ಸೇರಿಸುತ್ತೆ. ನೀರಿನ ಬದಲು ಮೆಡಿಕಲ್ ಸ್ಟೋರಿನ ಇಸಿಜಿ ಜೆಲ್ ತೆಳ್ಳಗೆ ಸವರಿ. ಪಟ್ಟಿ ಎದೆಯ ಸ್ನಾಯುವಿನ ಕೆಳಗೆ ಕೂರಲಿ, ಜೋರಾಗಿ ಉಸಿರೆಳೆದರೂ ಜಾರಬಾರದು. ಮನೆಗೆ ಬಂದಮೇಲೆ ಪಾಡ್ (ಪಟ್ಟಿಗೆ ಕೂರುವ ಸಂವೇದಕ) ಬಿಚ್ಚಿ ಪಟ್ಟಿ ತೊಳೀರಿ. ಒದ್ದೆ ಪಟ್ಟಿಯಲ್ಲೇ ಬಿಟ್ಟರೆ ಸಿಆರ್2025 ಸೆಲ್ ಸುಮ್ಮನೆ ಖಾಲಿಯಾಗುತ್ತೆ.

ಏರುದಾರಿ
ಏರಿನಲ್ಲಿ ನೋಡಬೇಕಾದ್ದು ಡಿಎಫ್‌ಎ ಆಲ್ಫಾ-1: ಬಡಿತದ ಅಂತರಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಅನ್ನೋ ಅಂಕಿ, ಶ್ರಮ ಏರಿದಂತೆ ಇಳಿಯುತ್ತೆ. ಹಗುರ ತುಳಿತದಲ್ಲಿ 1ರ ಆಸುಪಾಸು ಅಥವಾ ಮೇಲೆ, ಮೊದಲ ಹೊಸ್ತಿಲ (ಏರೋಬಿಕ್, ಇದರ ಮೇಲೆ ಶ್ರಮ ಹಗುರವಲ್ಲ) ಹತ್ತಿರ 0.75, ಎರಡನೆಯ ಹೊಸ್ತಿಲ (ಅನಾರೋಬಿಕ್, ಇದರ ಮೇಲೆ ಹೆಚ್ಚು ಹೊತ್ತು ತುಳಿಯೋಕಾಗಲ್ಲ) ಬಳಿ 0.5. ಎಲ್ಲರಿಗೂ ಒಂದೇ ಅಲ್ಲ, ಅಂದಾಜು ಅಷ್ಟೇ. ತಪ್ಪು ಬಡಿತ ಶೇ 3 ದಾಟಿದ ತುಣುಕನ್ನು ನಾನಂತೂ ಬಿಟ್ಟುಬಿಡ್ತೀನಿ.

ನಂದಿಯ ತಿರುವುಗಳಲ್ಲಿ ಎದ್ದು ತುಳಿಯೋದು, ಕೂರೋದು ಅಂತ ಬಡಿತ ಕುಣಿಯುತ್ತೆ. ಅಲ್ಲಿ ಈ ಹೊಸ್ತಿಲುಗಳನ್ನು ಹುಡುಕಬೇಡಿ. ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯುವ ಸಾಧನ) ಮೇಲೆ 15 ನಿಮಿಷ ಮೈ ಬಿಸಿ ಮಾಡಿ, ಆಮೇಲೆ 6 ನಿಮಿಷಕ್ಕೊಮ್ಮೆ 20 ವಾಟ್ ಏರಿಸಿ, ಪ್ರತಿ ಹಂತದ ಕೊನೆಯ 2 ನಿಮಿಷ ಮಾತ್ರ ತಗೊಳ್ಳಿ. ಇಳಿಜಾರಿನ ದತ್ತಾಂಶ ಪೂರ್ತಿ ಕಸ.

ಚಿಕ್ಕಗೇರು
ಫೈಲ್ ತೆಗೆದು ನೋಡಿದೆ: 398, 803, 401. ಇನ್ನೊಂದು ಕಡೆ 290, 512 ಅಂತಲೂ ಇದೆ.

ಲೆಕ್ಕದವ
ಮೊದಲನೆಯದು ಪಟ್ಟಿಯ ತಪ್ಪು, ಸರಿಯಾಗಿ ದುಪ್ಪಟ್ಟು. ಎರಡನೆಯದು ಬೇರೆ: ಗಿಡ್ಡ, ಬೆನ್ನಿಗೇ ಉದ್ದ, ಕೂಡಿದರೆ 802. ಹೃದಯವೇ ಒಂದು ಬಡಿತ ಮುಂಚಿತವಾಗಿ ಹೊಡೆದಾಗ ಹೀಗಿರುತ್ತೆ. ಅಪರೂಪಕ್ಕೊಂದು ಎಲ್ಲರಲ್ಲೂ ಇರುತ್ತೆ. ಶ್ರಮ ಏರಿದಷ್ಟೂ ಹೆಚ್ಚಾದರೆ, ತಲೆಸುತ್ತು, ಎದೆನೋವು ಜೊತೆಗಿದ್ದರೆ ಈ ಪಟ್ಟಿಯ ಫೈಲ್ ಸಾಲದು, ಸವಾರಿ ನಿಲ್ಲಿಸಿ ಹೃದಯ ವೈದ್ಯರಲ್ಲಿ ಇಸಿಜಿ ತೆಗೆಸಿ.