17ನೇ ವಯಸ್ಸಿಗೆ ಮನೆ, ಸೈಟಿನ ಮೇಲೆ ಹಣ ಹಾಕಬಹುದಾ? ನಿಮ್ಮ ಅನುಭವ ಹೇಳಿ

ಕೇಳಿದ್ದು:

ನನಗೆ 17. ಓದುತ್ತಾ ಸಣ್ಣ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಎರಡು ವರ್ಷದಿಂದ ಉಳಿಸಿದ್ದು ಸ್ವಲ್ಪ ಇದೆ. ರಿಯಲ್ ಎಸ್ಟೇಟ್ ವಿಡಿಯೋ ನೋಡಿ ನೋಡಿ ಹುಚ್ಚು ಹಿಡಿದಿದೆ. ಒಬ್ಬರು ‘ಕೈಯಿಂದ ಒಂದು ಪೈಸೆ ಹಾಕದೆ ಮೊದಲ ಮನೆ’ ಅಂತ ಕೋರ್ಸ್ ಮಾರುತ್ತಿದ್ದಾರೆ. ಸೇರಿದರೆ ನನ್ನ ಉಳಿತಾಯದ ಅರ್ಧ ಅದಕ್ಕೇ ಹೋಗುತ್ತದೆ. ಮನೆಯಲ್ಲಿ ‘ಮೊದಲು ಓದು ಮುಗಿಸು’ ಅನ್ನುತ್ತಾರೆ. ಅಣ್ಣಂದಿರೇ, ಅಕ್ಕಂದಿರೇ, ಈ ವಯಸ್ಸಿನಲ್ಲಿ ನಿಜವಾಗಿ ಏನು ಮಾಡಬಹುದು? ನೀವು ಹೇಗೆ ಶುರು ಮಾಡಿದಿರಿ?

ಎರಡು ಮನೆ ಬಾಡಿಗೆಗೆ ಕೊಟ್ಟಿರುವವರು:

ಬೇಸರದ ವಿಷಯ ಮೊದಲೇ ಹೇಳಿಬಿಡುತ್ತೇನೆ ತಮ್ಮಾ. ಹೆಚ್ಚಿನ ದೇಶಗಳಲ್ಲಿ 18 ತುಂಬುವ ತನಕ ನಿನ್ನ ಸಹಿಯನ್ನು ನಂಬಿ ಯಾರೂ ವ್ಯವಹಾರ ಮಾಡುವುದಿಲ್ಲ. ಕೆಲವು ಕಡೆ ಆ ಕರಾರಿಗೆ ಜೀವವೇ ಇರುವುದಿಲ್ಲ. ಇನ್ನು ಕೆಲವು ಕಡೆ ನೀನು ಮನಸ್ಸು ಬಂದಾಗ ಅದನ್ನು ಮುರಿಯಬಹುದು. ಅಂಥವನಿಗೆ ಯಾವ ಬ್ಯಾಂಕು ಸಾಲ ಕೊಡುತ್ತದೆ? ಅಪ್ಪ ಅಮ್ಮ ಪೋಷಕರಾಗಿ ನಿಂತು ನಿನ್ನ ಹೆಸರಿಗೆ ಕೊಳ್ಳಬಹುದು. ಆದರೆ ನಿನಗೆ 18 ಆಗುವ ಮುಂಚೆ ಅದನ್ನು ಮಾರಬೇಕೆಂದರೆ ಕೋರ್ಟಿನ ಒಪ್ಪಿಗೆ ಬೇಕಾಗುವ ಕಡೆಗಳೂ ಇವೆ.

ಈಗ ನನ್ನ ಕಥೆ. ಮೊದಲ ಮನೆ ಕೊಳ್ಳುವಾಗ ನಾನು ಮಾಡಿದ್ದು ಒಂದೇ ಲೆಕ್ಕ: ತಿಂಗಳ ಬಾಡಿಗೆ ಗುಣಿಸು 12. ಮನೆಯ ಬೆಲೆ 100 ಅಂತ ಇಟ್ಟುಕೊ, ವರ್ಷದ ಬಾಡಿಗೆ 4 ಬರಬೇಕಿತ್ತು. ಇದ್ದವರು ಖಾಲಿ ಮಾಡಿದರು, ಮೂರು ತಿಂಗಳು ಯಾರೂ ಬರಲಿಲ್ಲ. ಅಲ್ಲಿಗೆ 1 ಹೋಯಿತು. ಬಣ್ಣ, ನಲ್ಲಿ, ತೆರಿಗೆ, ಸೋರುವ ತಾರಸಿ ಅಂತ ಇನ್ನೊಂದು ಹೋಯಿತು. ಕೈಗೆ ಬಂದದ್ದು 2. ಸಾಲದ ಬಡ್ಡಿ ಮಾತ್ರ 9%!

ಆ ಸಾಲದ ಲೆಕ್ಕವನ್ನೂ ನೀನೇ ಕೂತು ಹಾಕಿ ನೋಡು. 9% ಬಡ್ಡಿಗೆ 20 ವರ್ಷದ ಸಾಲ ಅಂದರೆ ಮೊದಲ ಕಂತಿನ 100ರಲ್ಲಿ ಸುಮಾರು 83 ಬಡ್ಡಿಗೇ ಹೋಗುತ್ತದೆ. ಅಸಲು ಅರ್ಧಕ್ಕೆ ಇಳಿಯುವುದು ಹತ್ತನೇ ವರ್ಷಕ್ಕೆ ಅಂದುಕೊಂಡಿದ್ದೆ. ಅಲ್ಲ, 14 ವರ್ಷ ಬೇಕು. ನನಗೆ ಇದು ಗೊತ್ತಾದದ್ದು ಐದನೇ ವರ್ಷ ಬ್ಯಾಂಕಿನವರು ಕೊಟ್ಟ ಪಟ್ಟಿ ನೋಡಿದಾಗ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ನಿಜ.

ನೋಟ್‌ಬುಕ್ ಇಟ್ಟಿದ್ದ ಅಕ್ಕ:

ನಾನು ಶುರು ಮಾಡಿದ್ದು 16ಕ್ಕೆ, ಅದೂ ಒಂದು ನೋಟ್‌ಬುಕ್ಕಿನಿಂದ. ಕಾಲೇಜಿಗೆ ನಡೆದು ಹೋಗುವ ದಾರಿಯಲ್ಲಿ ನಾಲ್ಕು ಬೀದಿ ಆರಿಸಿಕೊಂಡೆ. ‘ಮಾರಾಟಕ್ಕಿದೆ’, ‘ಬಾಡಿಗೆಗಿದೆ’ ಅನ್ನುವ ಪ್ರತಿ ಬೋರ್ಡನ್ನೂ ಬರೆದಿಟ್ಟೆ. ಯಾವತ್ತು ಹಾಕಿದರು, ಎಷ್ಟು ಕೇಳಿದರು, ಯಾವತ್ತು ತೆಗೆದರು, ಅಷ್ಟೇ. ಫೋನ್ ಮಾಡಿ ಬಾಡಿಗೆ ಕೇಳಲು ಮೊದಮೊದಲು ನಾಚಿಕೆ. ಆಮೇಲೆ ‘ನಮ್ಮ ಮನೆಯವರು ಕೇಳ್ತಿದ್ದಾರೆ’ ಅನ್ನುವುದನ್ನು ಕಲಿತೆ. (ಸುಳ್ಳೇ. ಆದರೆ ಅಂಥ ದೊಡ್ಡ ಸುಳ್ಳಲ್ಲ ಬಿಡಿ.)

ಆರು ತಿಂಗಳಲ್ಲಿ ಏನೂ ಹೊಳೆಯಲಿಲ್ಲ. ವರ್ಷ ಕಳೆದ ಮೇಲೆ ನೋಟ್‌ಬುಕ್ಕೇ ಮಾತಾಡತೊಡಗಿತು. ಒಂದು ಚಂದದ ಮನೆಗೆ ಆರು ತಿಂಗಳಿಗೊಮ್ಮೆ ಮತ್ತೆ ಬೋರ್ಡು ಬೀಳುತ್ತಿತ್ತು. ಬಾಡಿಗೆ ಜಾಸ್ತಿ ಏನಿರಲಿಲ್ಲ, ಜನ ಮಾತ್ರ ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಗೇಟಿನ ಹತ್ತಿರ ನಿಂತಾಗ ಗೊತ್ತಾಯಿತು: ಹಿಂದಿನ ವರ್ಕ್‌ಶಾಪಿನ ಮೆಷಿನ್ ಕತ್ತಲಾದ ಮೇಲೆ ಓಡುತ್ತದೆ. ಹಗಲು ಮನೆ ನೋಡಲು ಬಂದವರಿಗೆ ಅದು ಹೇಗೆ ಕೇಳಿಸಬೇಕು? ಇನ್ನೊಂದು ಮೂಲೆ ಸೈಟು ಎರಡು ವರ್ಷ ಮಾರಾಟವಾಗಲಿಲ್ಲ. ಬೆಲೆ ಕಡಿಮೆಯೇ ಇತ್ತು. ಪಕ್ಕದ ಮನೆಯವರು ಹೇಳಿದರು, ಅಣ್ಣತಮ್ಮಂದಿರ ಜಗಳ, ಐದು ಜನ ಸಹಿ ಹಾಕಬೇಕು, ಒಬ್ಬರು ಒಪ್ಪುತ್ತಿಲ್ಲ ಅಂತ. ಅಗ್ಗ ಅಂದರೆ ಯಾಕೆ ಅಗ್ಗ ಅಂತ ಕೇಳುವ ಚಾಳಿ ನನಗೆ ಅಂಟಿದ್ದು ಆಗಲೇ.

ಮನೆ ಕೊಂಡಾಗ ನನಗೆ 27. ಬೇರೆ ಬಡಾವಣೆ, ಆದರೆ ಚಾಳಿ ಅದೇ. ಆ ಮನೆಯ ಬೋರ್ಡು ಎಂಟು ತಿಂಗಳಿಂದ ನೇತಾಡುತ್ತಿದೆ ಅಂತ ನನ್ನ ಪುಸ್ತಕದಲ್ಲಿ ಬರೆದಿತ್ತು. ಮಾರುವವರು ‘ನಿನ್ನೆ ಮೂರು ಜನ ಬಂದಿದ್ದರು’ ಅಂದಾಗ ಸುಮ್ನೆ ನಕ್ಕೆ. ಕೇಳಿದ ಬೆಲೆಗಿಂತ ಕಡಿಮೆಗೇ ಸಿಕ್ಕಿತು.

ಕೈ ಸುಟ್ಟುಕೊಂಡವರು:

ನಾನು 19ಕ್ಕೇ ‘ಹೂಡಿಕೆದಾರ’ ಆಗಿದ್ದೆ. ಪರಿಚಯದವರೊಬ್ಬರು ನಾಲ್ಕೈದು ಜನರ ಹಣ ಸೇರಿಸಿ ಸೈಟು ಕೊಂಡರು. ನನ್ನ ಉಳಿತಾಯ ಪೂರ್ತಿ ಕೊಟ್ಟೆ. ಪತ್ರದಲ್ಲಿ ಹೆಸರು ಅವರೊಬ್ಬರದೇ. ನಾಲ್ಕು ವರ್ಷದ ಮೇಲೆ ಸೈಟು ಒಳ್ಳೆ ಬೆಲೆಗೆ ಹೋಯಿತಂತೆ. ನನಗೆ ಸಿಕ್ಕಿದ್ದು ಕೊಟ್ಟಷ್ಟೇ, ಬಡ್ಡಿಯೂ ಇಲ್ಲ. ಜಗಳ ಮಾಡೋಣ ಅಂದರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ನಿನಗೆ ಇನ್ನೂ 18 ಆಗಿಲ್ಲ ಅಂದರೆ ‘ನನ್ನ ಹೆಸರಲ್ಲಿ ಇರಲಿ, ಆಮೇಲೆ ನೋಡೋಣ’ ಅನ್ನುವವರು ಖಂಡಿತ ಸಿಗುತ್ತಾರೆ. ಹುಷಾರು.

ಕೋರ್ಸಿನ ವಿಷಯ. ಒಂದು ಪೈಸೆ ಹಾಕದೆ ಮನೆ ಅಂದರೆ ಪೂರ್ತಿ ಬೇರೆಯವರ ಹಣ, ಅಂದರೆ ಪೂರ್ತಿ ಸಾಲ. 20 ನಿನ್ನದು, 80 ಸಾಲ ಅಂತಿದ್ದರೆ, ಬೆಲೆ 10% ಏರಿದಾಗ ನಿನ್ನ 20 ಹೋಗಿ 30 ಆಗುತ್ತದೆ. ವಿಡಿಯೋದಲ್ಲಿ ತೋರಿಸುವುದು ಇದನ್ನೇ. ಬೆಲೆ 20% ಇಳಿದರೆ ನಿನ್ನ ಪಾಲು ಸೊನ್ನೆ. ನಿನ್ನದು ಏನೂ ಇಲ್ಲದಿದ್ದರೆ 1% ಇಳಿದರೂ ಮನೆಗಿಂತ ಸಾಲವೇ ದೊಡ್ಡದು. ‘ಭೂಮಿ ಬೆಲೆ ಇಳಿಯಲ್ಲ’ ಅನ್ನುವವರಿಗೆ ಜಪಾನ್ ತೋರಿಸು. ಅಲ್ಲಿ 1990ರ ದಶಕದ ಆರಂಭದಲ್ಲಿ ಇಳಿಯಲು ಶುರುವಾದ ಜಾಗದ ಬೆಲೆ ಹತ್ತು ವರ್ಷ ಕಳೆದರೂ ಇಳಿಯುತ್ತಲೇ ಇತ್ತು. ಅಮೆರಿಕದಲ್ಲಿ 2006ರ ನಂತರ ಮನೆ ಬೆಲೆ ಕುಸಿದು 2008ರಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳೇ ಮುಳುಗಿದವು.

ಷೇರು ಕಡೆಯಿಂದ ಬಂದವರು:

ರೀಟ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಆಫೀಸು, ಮಾಲ್, ಗೋಡೌನುಗಳನ್ನು ಇಟ್ಟುಕೊಂಡು ಬಾಡಿಗೆ ಹಂಚುವ ಸಂಸ್ಥೆಗಳು ಇವು. ಷೇರಿನ ಹಾಗೆ ಇವುಗಳ ಯೂನಿಟ್ ಕೊಳ್ಳಬಹುದು. 1960ರಲ್ಲಿ ಅಮೆರಿಕದಲ್ಲಿ ಕಾನೂನಾಯಿತು, ಆಮೇಲೆ ತುಂಬಾ ದೇಶಗಳಿಗೆ ಬಂತು. ಅಮೆರಿಕದಲ್ಲಿ ತೆರಿಗೆಗೆ ಬರುವ ಆದಾಯದ ಕನಿಷ್ಠ 90% ಹಂಚಲೇಬೇಕು. ಸಣ್ಣ ಮೊತ್ತ ಸಾಕು. ಪೋಷಕರು ನೋಡಿಕೊಳ್ಳುವ ಖಾತೆಯಲ್ಲಿ 18ರ ಮುಂಚೆಯೇ ಕೊಳ್ಳಲು ಅನೇಕ ಕಡೆ ಅವಕಾಶ ಇದೆ. ಮೊದಲು ಅಪ್ಪನ ಜೊತೆ ಕೂತು ವಾರ್ಷಿಕ ವರದಿ ಓದು, ಎಷ್ಟು ಜಾಗ ಖಾಲಿ ಬಿದ್ದಿದೆ ಅನ್ನುವ ಸಾಲು ಹುಡುಕು. ಬಡ್ಡಿ ದರ ಏರಿದಾಗ ಇವುಗಳ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ, ಆಗ ಗಾಬರಿಯಾಗಬೇಡ.

ಬ್ರೋಕರ್ ಹತ್ತಿರ ಕೆಲಸ ಮಾಡಿದವರು:

ರಜೆಯಲ್ಲಿ ಬೀಗದ ಕೈ ಹಿಡಿದು ಮನೆ ತೋರಿಸುವ ಕೆಲಸ ಸಿಕ್ಕರೆ ಬಿಡಬೇಡ. ಎರಡು ತಿಂಗಳಲ್ಲಿ ನಾನು ಎಪ್ಪತ್ತು ಮನೆ ಒಳಗೆ ಹೋದೆ. ಸಿಂಕಿನ ಕೆಳಗಿನ ಕಪಾಟು, ಹೊಸ ಬಣ್ಣದ ಹಿಂದಿನ ತೇವ, ನೆಲಮಹಡಿ ಬಚ್ಚಲಿನ ವಾಸನೆ ಎಲ್ಲ ಮೂಗಿಗೇ ಅಭ್ಯಾಸವಾಯಿತು.

ಕೇಳಿದವನು:

ಕೋರ್ಸ್ ಬಿಟ್ಟೆ. ಇನ್ನೊಂದು ಪ್ರಶ್ನೆ, 18 ಆದ ಮೇಲೆ ಮೊದಲು ಏನು ಮಾಡಲಿ?

ಎರಡು ಮನೆ ಬಾಡಿಗೆಗೆ ಕೊಟ್ಟಿರುವವರು:

ಪಾಠದ ದುಡ್ಡು ಕೈಗೆ ತೆಗೆದುಕೊಳ್ಳುವ ಬದಲು ಖಾತೆಗೆ ಹಾಕಿಸಿಕೊ. ಮುಂದೆ ಸಾಲ ಕೇಳಿದಾಗ ಬ್ಯಾಂಕಿನವರು ನೋಡುವುದು ಆ ದಾಖಲೆಯನ್ನೇ. ಕ್ರೆಡಿಟ್ ಕಾರ್ಡು ತೆಗೆದುಕೊಂಡರೆ ಸಣ್ಣ ಮಿತಿಯದು ಸಾಕು. ತಿಂಗಳು ತಿಂಗಳು ಬಿಲ್ಲು ಪೂರ್ತಿ ಕಟ್ಟು, ‘ಕನಿಷ್ಠ ಮೊತ್ತ’ ಅಂತ ಬರೆದಿರುವುದನ್ನು ಕಟ್ಟಿ ಸುಮ್ಮನಾಗಬೇಡ. ಗೆಳೆಯರ ಸಾಲಕ್ಕೆ ಜಾಮೀನು ನಿಲ್ಲಬೇಡ. ಓದು ಬಿಡು ಅಂತ ನಾನಂತೂ ಹೇಳಲ್ಲ. ಕಂತು ಕಟ್ಟುವುದು ಸಂಬಳದಿಂದಲೇ.

ಕೇಳಿದವನು:

ಇವತ್ತು ಬರುವಾಗ ದಾರಿಯಲ್ಲಿ ಎಣಿಸಿದೆ. ಏಳು ಬೋರ್ಡು. ಒಂದು ತುಕ್ಕು ಹಿಡಿದಿದೆ, ಫೋನ್ ನಂಬರಿನ ಕೊನೆಯ ಅಂಕಿ ಅಳಿಸಿಹೋಗಿದೆ.

ನೋಟ್‌ಬುಕ್ ಇಟ್ಟಿದ್ದ ಅಕ್ಕ:

ಅದರಿಂದಲೇ ಶುರು ಮಾಡು. ಪಕ್ಕದ ಮನೆಯವರನ್ನು ಕೇಳು.