‘ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ’ ಅಂತಾರೆ, ದುಡ್ಡು ಕೊಡಬಹುದಾ?

ಪ್ರಶ್ನೆ (ಹೋಂಸ್ಟೇ ಮಾಲೀಕರು, ಸಾಗರ ತಾಲ್ಲೂಕು): ಸರ್, ನಮ್ಮ ಹೋಂಸ್ಟೇ ವೆಬ್‌ಸೈಟ್ ಮಾಡಿಸಿ ವರ್ಷವಾಗುತ್ತಾ ಬಂತು. ಗೂಗಲ್‌ನಲ್ಲಿ ನಮ್ಮ ಹೆಸರನ್ನೇ ಹುಡುಕಿದರೂ ಕಾಣುವುದಿಲ್ಲ. ಮೊನ್ನೆ ಒಬ್ಬರು ಫೋನ್ ಮಾಡಿದ್ದರು. ಮೂರು ತಿಂಗಳಲ್ಲಿ ಮೊದಲ ಸ್ಥಾನ ಗ್ಯಾರಂಟಿ, ಐನೂರು ಬ್ಯಾಕ್‌ಲಿಂಕ್, ಮೆಟಾ ಕೀವರ್ಡ್ ಎಲ್ಲಾ ಸೇರಿಸಿ ಕೊಡ್ತೀವಿ ಅಂದರು. ಅರ್ಧ ದುಡ್ಡು ಮುಂಗಡ ಅಂತೆ. ಕೊಡಬಹುದಾ?

ಉತ್ತರ: ಬೇಡ ಮಾರಾಯ್ರೆ. ಮೊದಲ ಸ್ಥಾನಕ್ಕೆ ಯಾರೂ ಗ್ಯಾರಂಟಿ ಕೊಡಲು ಆಗುವುದಿಲ್ಲ. ಗೂಗಲ್ ತನ್ನ ಸಹಾಯ ಪುಟದಲ್ಲೇ ಇದನ್ನು ಬರೆದಿದೆ. ಗ್ಯಾರಂಟಿ ಕೊಡುವವರಲ್ಲಿ ಕೆಲವರದು ಒಂದು ಚಾಲಾಕಿತನ ಇರುತ್ತದೆ. ಯಾರೂ ಟೈಪ್ ಮಾಡದ ಉದ್ದನೆಯ ಸಾಲೊಂದಕ್ಕೆ ನಿಮ್ಮ ಸೈಟು ಮೊದಲು ಬಂದಿದ್ದನ್ನು ತೋರಿಸಿ ಬಿಲ್ ಕಳಿಸುತ್ತಾರೆ.

ಮೆಟಾ ಕೀವರ್ಡ್ ಎಂದರೆ ಪುಟದ ಕೋಡಿನೊಳಗೆ, ಓದುವವರಿಗೆ ಕಾಣದಂತೆ ಬರೆದಿಡುವ ಪದಗಳ ಪಟ್ಟಿ. ಆ ವಿಷಯ ಹಳೆಯದು. ರ‍್ಯಾಂಕ್ ಕೊಡುವಾಗ ಅದನ್ನು ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ. ಇನ್ನು ಬ್ಯಾಕ್‌ಲಿಂಕ್, ಅಂದರೆ ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಬರುವ ಲಿಂಕು. ಇವರು ಹೇಳುವುದು ದುಡ್ಡು ಕೊಟ್ಟು ತರಿಸುವ ಲಿಂಕುಗಳು. ಅಂಥವನ್ನು ಹಿಡಿಯಲೆಂದೇ 2012ರಲ್ಲಿ ಗೂಗಲ್‌ನ ಹುಡುಕಾಟ ವ್ಯವಸ್ಥೆಗೆ ಪೆಂಗ್ವಿನ್ ಎಂಬ ಅಪ್‌ಡೇಟ್ ಬಂತು. ಈಗ ಅವು ಹೆಚ್ಚಾಗಿ ಲೆಕ್ಕಕ್ಕೇ ಬರುವುದಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅತಿಯಾದರೆ ಸೈಟಿಗೇ ಪೆಟ್ಟು.

ಆದರೆ ಸ್ವಂತ ಹೆಸರಿಗೂ ಕಾಣುತ್ತಿಲ್ಲ ಎಂದರೆ ಬೇರೆ ಏನೋ ಇದೆ. ಸೈಟಿನ ಲಿಂಕ್ ಇಲ್ಲೇ ಹಾಕಿ.

ಮಾಲೀಕರು: ಹಾಕಿದ್ದೇನೆ ಸರ್. ವರ್ಡ್‌ಪ್ರೆಸ್ ಎಂಬ, ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದಂತೆ.

ಉತ್ತರ: ನೋಡಿದೆ. ಪುಟದ ಸೋರ್ಸ್ (ಪುಟದ ಹಿಂದಿರುವ ಕೋಡ್) ತೆರೆದರೆ ಮೇಲ್ಗಡೆಯೇ ‘ನೋಇಂಡೆಕ್ಸ್’ ಎಂದು ಬರೆದಿದೆ. ಹಾಗೆಂದರೆ ‘ಈ ಪುಟವನ್ನು ತೋರಿಸಬೇಡಿ’ ಎಂದು ನೀವೇ ಗೂಗಲ್‌ಗೆ ಹೇಳಿದಂತೆ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ರೀಡಿಂಗ್ ಒತ್ತಿ. ಕೆಳಗೆ ಸರ್ಚ್ ಎಂಜಿನ್‌ಗಳನ್ನು ದೂರ ಇಡುವ ಒಂದು ಟಿಕ್ ಇರುತ್ತದೆ. ಸೈಟು ಕಟ್ಟುವಾಗ ಅದನ್ನು ಹಾಕಿಟ್ಟು, ಮುಗಿದ ಮೇಲೆ ತೆಗೆಯಲು ಮರೆಯುವುದು ತುಂಬಾ ಮಾಮೂಲು. ತೆಗೆಯಿರಿ. ಅದಿರುವ ತನಕ ಐನೂರಲ್ಲ, ಐದು ಸಾವಿರ ಲಿಂಕ್ ಹಾಕಿಸಿದರೂ ಅಷ್ಟೇ.

ಪುಟದ ಕೊನೆಯಲ್ಲಿ ದೊಡ್ಡ ಖಾಲಿ ಜಾಗ ಇದೆ. ಮೌಸ್ ಹಿಡಿದು ಎಳೆದೆ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ! ‘ಜೋಗ ಹೋಂಸ್ಟೇ, ಜೋಗ ಹತ್ತಿರ ಹೋಂಸ್ಟೇ, ಕಡಿಮೆ ಬೆಲೆ ಹೋಂಸ್ಟೇ’ ಎಂದು ಅದೇ ಅದೇ ಬರೆದಿದ್ದಾರೆ. ಗೂಗಲ್ ಇದನ್ನು ಸ್ಪ್ಯಾಮ್ ಎಂದೇ ಕರೆಯುತ್ತದೆ. ಇವತ್ತೇ ಅಳಿಸಿಬಿಡಿ.

ಬರುವ ದಾರಿಯನ್ನು ಒಂದು ಪೋಸ್ಟರ್ ಚಿತ್ರದಲ್ಲಿ ಹಾಕಿದ್ದೀರಿ. ಮೊಬೈಲಿನಲ್ಲಿ ಮನುಷ್ಯರಿಗೇ ಓದಲು ಆಗುವುದಿಲ್ಲ. ಗೂಗಲ್ ಈಗ ಎಲ್ಲಾ ಸೈಟುಗಳನ್ನೂ ಮೊದಲು ಮೊಬೈಲ್ ರೂಪದಲ್ಲೇ ನೋಡುತ್ತದೆ. ಅಕ್ಷರದಲ್ಲಿ ಬರೆಯಿರಿ. ಜೊತೆಗೆ ಅದರಲ್ಲಿ ಸಿಗಂದೂರಿಗೆ ಹೋಗಲು ಹಿನ್ನೀರು ದಾಟಿಸುವ ಲಾಂಚ್‌ಗೆ ಕಾಯಬೇಕು ಎಂದಿದೆ. ಅಲ್ಲಿ 2025ರ ಜುಲೈನಲ್ಲೇ ಸೇತುವೆ ಶುರುವಾಯಿತಲ್ಲ! ‘ಆಗಾಗ ಪುಟದ ತಾರೀಖು ಬದಲಿಸುತ್ತಿದ್ದರೆ ಗೂಗಲ್ ಖುಷಿಯಾಗುತ್ತದೆ’ ಎನ್ನುವವರಿದ್ದಾರೆ. ಬರೀ ತಾರೀಖು ಬದಲಿಸಿದರೆ ಏನೂ ಆಗುವುದಿಲ್ಲ. ಬದಲಿಸಬೇಕಾದ್ದು ಇಂಥದ್ದು.

ಮಾಲೀಕರು: ಮತ್ತೆ ಏನು ಬರೆಯಲಿ ಸರ್? ಪ್ರತಿ ಪುಟಕ್ಕೆ ಎರಡು ಸಾವಿರ ಪದ ಬೇಕು ಅಂತಾರೆ.

ಉತ್ತರ: ಅಂಥ ಲೆಕ್ಕ ಯಾವುದೂ ಇಲ್ಲ. ನಿಮಗೆ ಬರುವ ಫೋನುಗಳನ್ನು ನೆನಪಿಸಿಕೊಳ್ಳಿ. ಜೋರು ಮಳೆಯಲ್ಲಿ ಕಾರು ಅಂಗಳದ ತನಕ ಬರುತ್ತಾ? ತಾಳಗುಪ್ಪದಲ್ಲಿ ರೈಲು ಇಳಿದರೆ ಆಟೋ ಸಿಗುತ್ತಾ? ಯಾವ ಸಿಮ್‌ಗೆ ಸಿಗ್ನಲ್ ಇದೆ? ಇಂಬಳ ಜಾಸ್ತಿನಾ? ಕಡುಬು, ಕೆಸುವಿನ ಪತ್ರೊಡೆ ಮಾಡಿಕೊಡ್ತೀರಾ? ಜನ ಗೂಗಲ್‌ಗೂ ಇದನ್ನೇ ಕೇಳುತ್ತಾರೆ. ಫೋನಿನಲ್ಲಿ ಕೊಡುವ ಉತ್ತರವನ್ನೇ ಬರೆಯಿರಿ. ‘ಪ್ರಕೃತಿಯ ಮಡಿಲಲ್ಲಿ ಸ್ವರ್ಗದ ಅನುಭವ’ ಎಂದು ಮಲೆನಾಡಿನ ಪ್ರತಿಯೊಂದು ಹೋಂಸ್ಟೇಯೂ ಬರೆದುಕೊಂಡಿದೆ, ಅದನ್ನು ಹುಡುಕುವವರು ಯಾರು?

ಪ್ರಶ್ನೆ (ಅಪ್ಪೆಮಿಡಿ ಉಪ್ಪಿನಕಾಯಿ ಮಾರುವವರು, ರಿಪ್ಪನ್‌ಪೇಟೆ): ಗೂಗಲ್ ಜಾಹೀರಾತು ಕೊಟ್ಟರೆ ಮಾಮೂಲಿ ಹುಡುಕಾಟದಲ್ಲೂ ಮೇಲೆ ಬರ್ತೀವಾ? ಇನ್ನೊಂದು, ನಮ್ಮ ಉಪ್ಪಿನಕಾಯಿ ವಿವರ ಅಮೆಜಾನ್‌ನಲ್ಲೂ ಸೈಟಿನಲ್ಲೂ ಒಂದೇ ಇದೆ. ಶಿಕ್ಷೆ ಆಗುತ್ತಂತೆ ಹೌದಾ?

ಉತ್ತರ: ಇಲ್ಲ ಮೇಡಂ, ಎರಡೂ ಇಲ್ಲ. ಜಾಹೀರಾತಿನ ಜಾಗವೇ ಬೇರೆ, ಜಾಹೀರಾತು ನಿಲ್ಲಿಸಿದ ದಿನ ಅದೂ ಹೋಯಿತು. ಒಂದೇ ಬರಹ ಎರಡು ಕಡೆ ಇದ್ದರೆ ಶಿಕ್ಷೆ ಇಲ್ಲ, ಆದರೆ ಗೂಗಲ್ ಯಾವುದಾದರೂ ಒಂದನ್ನು ಆರಿಸಿಕೊಂಡು ತೋರಿಸಬಹುದು. ಅದು ನಿಮ್ಮದೇ ಆಗಿರಬೇಕೆಂದಿಲ್ಲ. ಹಾಗಾಗಿ ನಿಮ್ಮ ಸೈಟಿನಲ್ಲಿ ಅಲ್ಲಿಲ್ಲದ್ದನ್ನು ಬರೆಯಿರಿ. ಜೀರಿಗೆ ಮಿಡಿಯಾ, ಬೇರೆಯಾ? ಎಷ್ಟು ದಿನ ಉಪ್ಪಿನಲ್ಲಿ ಇಟ್ಟಿದ್ದು? ಎಣ್ಣೆ ಹಾಕಿದ್ದೀರಾ? ಬೆಂಗಳೂರಿಗೆ ಕಳಿಸುವಾಗ ಭರಣಿಯಾ, ಪ್ಲಾಸ್ಟಿಕ್ ಡಬ್ಬವಾ? ಕನ್ನಡದಲ್ಲೇ ಬರೆಯಿರಿ, ಗೂಗಲ್‌ಗೆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತದೆ. ಇಂಗ್ಲಿಷ್ ಬೇಕಿದ್ದರೆ ಅದಕ್ಕೆ ಬೇರೆ ಪುಟ ಮಾಡಿಸಿ.

ಹೋಂಸ್ಟೇ ಮಾಲೀಕರು: ಸರ್, ಟಿಕ್ ತೆಗೆದೆ. ಬಿಳಿ ಅಕ್ಷರವೂ ಹೋಯ್ತು. ಈಗ ಯಾವಾಗ ಕಾಣುತ್ತೆ?

ಉತ್ತರ: ಸೈಟು ಮಾಲೀಕರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಸೈಟು ಸೇರಿಸಿ, ಅದು ಉಚಿತ. ಅಲ್ಲಿ ಪುಟದ ವಿಳಾಸ ಕೊಟ್ಟು ಇಂಡೆಕ್ಸ್ ಮಾಡಲು, ಅಂದರೆ ಹುಡುಕಾಟದ ಪಟ್ಟಿಗೆ ಸೇರಿಸಲು, ಕೇಳಿಕೊಳ್ಳಿ. ಹೆಸರಿಗೆ ಕಾಣಲು ಕೆಲವು ದಿನ ಅಥವಾ ವಾರ. ‘ಜೋಗದ ಹತ್ತಿರ ಹೋಂಸ್ಟೇ’ ಎಂಬಂಥದ್ದಕ್ಕೆ ಮೇಲೆ ಬರಲು ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಅಷ್ಟರೊಳಗೆ ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಪಿನ್ ಸರಿ ಮಾಡಿ. ಈಗ ಅದು ಟಾರ್ ರಸ್ತೆಯ ಬಸ್ ಸ್ಟಾಪಿನಲ್ಲಿದೆ. ಮನೆಯ ಗೇಟಿಗೆ ತಂದಿಡಿ.